ಅರ್ಧ ಕಟ್ಟಿದ ವಿಮಾನ ಕೊಳ್ಳೋಕೆ ಹೊರಟಿದ್ದೀರಾ? ಸ್ವಲ್ಪ ನಿಲ್ಲಿ

ಬೇರೆಯವರು ಅರ್ಧ ಕಟ್ಟಿ ಬಿಟ್ಟ ಕಿಟ್ ವಿಮಾನ (ಬಿಡಿ ಭಾಗ ತರಿಸಿ ನಾವೇ ಜೋಡಿಸೋ ವಿಮಾನ) ಇದೆ, ಕಡಿಮೆ ರೇಟಿಗೆ ಕೊಡ್ತೀನಿ ಅಂತ ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ. ನಾನು ಇಡಲಿಲ್ಲ. 6.4 ಲಕ್ಷ ರೂಪಾಯಿ ಕೊಟ್ಟೆ, ಲಾರಿ ಬಾಡಿಗೆ ಬೇರೆ.

ನಾನು ಬೀದರ್‌ನವನು. ಏರ್‌ಫೋರ್ಸ್‌ನ ಕಸರತ್ತಿನ ಸೂರ್ಯಕಿರಣ್ ತಂಡ ಇನ್ನೂ ಕಿರಣ್ ವಿಮಾನಗಳಲ್ಲಿ ಹಾರುತ್ತಿದ್ದ ಕಾಲದಲ್ಲಿ, ಅಂದ್ರೆ 2011ಕ್ಕೂ ಮುಂಚೆ, ಮಾಳಿಗೆ ಮೇಲೆ ನಿಂತು ಅದನ್ನು ನೋಡುತ್ತಲೇ ಊಟ ಮರೆತವನು. ಈಗ ಕಲಬುರಗಿಯಲ್ಲಿ ಇದ್ದೀನಿ, ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸಣ್ಣ ಫ್ಯಾಬ್ರಿಕೇಷನ್ ಶೆಡ್. ವೆಲ್ಡಿಂಗ್ ಗೊತ್ತು, ತಗಡಿನ ಕೆಲಸ ಗೊತ್ತು, ವಿಮಾನ ಏನ್ ಮಹಾ ಅಂದುಕೊಂಡೆ. ಮೊದಲ ತಪ್ಪು ಅಲ್ಲೇ.

ಮಾರಿದವನು ಪುಣೆ ಕಡೆಯವನು. ಹೆಸರು ಬೇಡ. ಎರಡು ಸೀಟು, ಅಲ್ಯೂಮಿನಿಯಂ ಬಾಡಿ, ಮೇಲೆ ರೆಕ್ಕೆ. ಶೇಕಡಾ 80ರಷ್ಟು ಕೆಲಸ ಮುಗಿದಿದೆ ಅಂದ. ಮುಂಬೈನ ಪೈಲಟ್ ಅಮೋಲ್ ಯಾದವ್ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿದರಲ್ಲ, ಅವರಿಗೆ ನೋಂದಣಿ ಸಿಗಲಿಲ್ವಾ, ನಿನಗ್ಯಾಕೆ ಸಿಗಲ್ಲ ಅಂತ ನನಗೇ ಕೇಳಿದ. ಅವರಿಗೆ ಸಿಕ್ಕಿದ್ದು ನಿಜ, 2017ರಲ್ಲಿ. ಆದರೆ ಅದಕ್ಕೆ ಮುಂಚೆ ಎಷ್ಟು ವರ್ಷ ಅವರು ಕಚೇರಿಯಿಂದ ಕಚೇರಿಗೆ ತಿರುಗಿದರು ಅನ್ನೋದನ್ನು ಇವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಸ್ಟಮ್ಸ್ ಕಾಗದ ಎಲ್ಲಿ ಅಂದರೆ "ಆಮೇಲೆ ಕಳಿಸ್ತೀನಿ". ಕಟ್ಟುವಾಗ ತೆಗೆದ ಫೋಟೊ? "ಹಳೇ ಫೋನ್‌ನಲ್ಲಿತ್ತು, ಹೋಯ್ತು".

ಫೋಟೊ ಯಾಕೆ ಬೇಕು ಅಂದ್ರೆ, ತಗಡು ಮುಚ್ಚಿ ರಿವೆಟ್ ಹೊಡೆದ ಮೇಲೆ ಒಳಗೆ ಏನಿದೆ ಅಂತ ಯಾರಿಗೂ ಕಾಣಲ್ಲ. ಅಮೆರಿಕದಲ್ಲಿ ಮನೆಯಲ್ಲಿ ಕಟ್ಟುವವರು ಅರ್ಧಕ್ಕಿಂತ ಜಾಸ್ತಿ ಕೆಲಸ ತಾವೇ ಮಾಡಿದ್ದೀವಿ ಅಂತ ತೋರಿಸಬೇಕು, ಅದಕ್ಕೇ ಅಲ್ಲಿ ದಿನದಿನದ ಕೆಲಸ ಬರೆದಿಡ್ತಾರೆ. ನನಗೆ ಬಂದಿದ್ದು ಬಿಳಿ-ನೀಲಿ ಬಣ್ಣ ಹೊಡೆದು ಫಳಫಳ ಅಂತಿದ್ದ ಒಂದು ಡಬ್ಬಿ. ಬಣ್ಣ ನೋಡಿಯೇ ನಾನು ಬಿದ್ದೆ.

ಎರಡು ತಿಂಗಳು ಸುಮ್ನೆ ಕೂರಲಿಲ್ಲ, ನಾನೂ ಕೈ ಹಾಕಿದೆ. ನಮ್ಮ ಕಡೆ ಹೊಲದ ರಸ್ತೆ ಅಂತ ದಪ್ಪ ಟೈರು ಹಾಕಿದೆ, ಸೀಟಿನ ಹಿಂದೆ ಸಾಮಾನು ಇಡೋಕೆ ಪೆಟ್ಟಿಗೆ ಮಾಡಿದೆ. ಏಪ್ರಿಲ್‌ನಲ್ಲಿ ಫೈಬರ್ ಕೆಲಸಕ್ಕೆ ಎಪಾಕ್ಸಿ, ಅಂದ್ರೆ ಕಲಸಿದ ಮೇಲೆ ತಾನೇ ಬಿಸಿಯಾಗಿ ಗಟ್ಟಿಯಾಗೋ ಅಂಟು, ಕಲಸಿದೆ, ಅರ್ಧ ಲೀಟರ್, ಒಂದೇ ಮಗ್ಗಿನಲ್ಲಿ. ಹೊರಗೆ 42 ಡಿಗ್ರಿ. ಬ್ರಷ್ ತರೋಕೆ ಹೋಗಿ ಬರೋದರಲ್ಲಿ ಮಗ್ಗಿನಿಂದ ಹೊಗೆ, ಪ್ಲಾಸ್ಟಿಕ್ ಮೆತ್ತಗಾಗಿ ಮೇಜಿಗೆ ಅಂಟಿತ್ತು. ನಮ್ಮ ಬಿಸಿಲಲ್ಲಿ ಸ್ವಲ್ಪ ಸ್ವಲ್ಪವೇ ಕಲಸಿ ಅಗಲವಾದ ತಟ್ಟೆಗೆ ಸುರಿಯಬೇಕಂತೆ, ಅದೂ ಬೆಳಗಿನ ಜಾವ.

ಆಮೇಲೆ ಟ್ಯಾಂಕಿಗೆ ಬಂಕಿನ ಪೆಟ್ರೋಲ್ 5 ಲೀಟರ್ ಹಾಕಿ ಸೋರುತ್ತಾ ಅಂತ ನೋಡಿದೆ. ಸೋರಲಿಲ್ಲ. ಹತ್ತು ದಿನ ಬಿಟ್ಟು ಫಿಲ್ಟರ್ ಬಿಚ್ಚಿದರೆ ಕಾಕಂಬಿ ತರಹ ಅಂಟು. ಟ್ಯಾಂಕು ಸೋರದಿರಲಿ ಅಂತ ಒಳಗೆ ಬಳಿದಿದ್ದ ಸೀಲೆಂಟ್ ಕರಗಿ ಬಂದಿತ್ತು. ನಮ್ಮ ಬಂಕುಗಳಲ್ಲಿ ಈಗ ಬರೋದು ಶೇಕಡಾ 20 ಎಥನಾಲ್ ಇರೋ ಪೆಟ್ರೋಲ್, ಹಳೇ ಸೀಲೆಂಟ್ ಎಷ್ಟೋ ಅದಕ್ಕೆ ತಡೆಯಲ್ಲ. ಇಂಥ ವಿಮಾನಗಳಲ್ಲಿ ಜಾಸ್ತಿ ಕಾಣೋ ರೋಟ್ಯಾಕ್ಸ್ 912 ಇಂಜಿನ್‌ಗೂ ಕಂಪನಿ ಒಪ್ಪೋದು ಶೇಕಡಾ 10ರವರೆಗೆ ಮಾತ್ರ. ಇದು ಆಕಾಶದಲ್ಲಿ ಆಗಿದ್ದರೆ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಬೀದರ್‌ಗೆ ಫೋನ್ ಮಾಡಿ ನಮ್ಮ ಓಣಿಯ ಕಾಕಾರನ್ನು ಕರೆಸಿದೆ. ಏರ್‌ಫೋರ್ಸ್‌ನಲ್ಲಿ ಟೆಕ್ನಿಷಿಯನ್ ಆಗಿದ್ದು ರಿಟೈರ್ ಆದವರು. ಬಂದವರು ಚಹಾ ಕೂಡ ಮುಟ್ಟಲಿಲ್ಲ. ಸ್ಟ್ರಟ್, ಅಂದ್ರೆ ರೆಕ್ಕೆಯನ್ನು ಕೆಳಗಿನಿಂದ ಹಿಡಿದಿರೋ ಕಂಬಿ, ಅದರ ಬೋಲ್ಟ್ ಹತ್ತಿರ ಟಾರ್ಚ್ ಹಿಡಿದರು.

"ಇದರ ತಲಿ ಮ್ಯಾಲ ಕ್ರಾಸ್ ಗುರ್ತು ಎಲ್ಲೈತೋ ತಮ್ಮಾ?"

ಇರಲಿಲ್ಲ. ವಿಮಾನದ ಸ್ಟೀಲ್ ಬೋಲ್ಟ್ ತಲೆ ಮೇಲೆ ಕ್ರಾಸ್ ಗುರುತು ಇರುತ್ತೆ. ಇದರ ಮೇಲೆ 8.8 ಅಂತಿತ್ತು, ನಮ್ಮ ಹಾರ್ಡ್‌ವೇರ್ ಅಂಗಡಿಯ ಮಾಲು. ಗಟ್ಟಿ ಇದೆಯಲ್ಲ ಕಾಕಾ ಅಂದೆ. ಅವರು ಮಾತಾಡದೆ ಬಿಚ್ಚಿ ಅಂಗೈಗೆ ಕೊಟ್ಟರು. ತುದಿಯಿಂದ ತಲೆವರೆಗೂ ಚೂಡಿ, ಅಂದ್ರೆ ನಟ್ಟು ತಿರುಗೋ ಗೀರು. ರಂಧ್ರದೊಳಗೆ ಕೂರಬೇಕಾದದ್ದು ನುಣುಪಾದ ಭಾಗ. ಇಲ್ಲಿ ಚೂಡಿಯೇ ಅಲ್ಯೂಮಿನಿಯಂ ತಿಂದು, ಗುಂಡಗಿದ್ದ ರಂಧ್ರ ಮೊಟ್ಟೆ ಆಕಾರ ಆಗಿತ್ತು. ಇನ್ನೂ ಹಾರದೇ ಇರೋ ವಿಮಾನದಲ್ಲಿ, ಬರೀ ತಳ್ಳಾಡಿದ್ದಕ್ಕೆ! ಆಮೇಲೆ ಬಾಲದ ಹತ್ತಿರ ಬಣ್ಣ ಕೆರೆದರೆ ಕೆಳಗೆ ಲಪ್ಪ, ಅಂದ್ರೆ ತಗ್ಗು ಮುಚ್ಚೋ ಪುಟ್ಟಿ. ಲಪ್ಪದ ಕೆಳಗೆ ತಪ್ಪಾಗಿ ಕೊರೆದ ರಂಧ್ರಗಳು, ಕೆಲವಂತೂ ತಗಡಿನ ಅಂಚಿಗೇ ಬಂದಿದ್ದವು. ರಿವೆಟ್ ನಡುವಿನಿಂದ ಅಂಚಿಗೆ ಕಡಿಮೆ ಅಂದ್ರೂ ರಿವೆಟ್‌ನ ಎರಡು ಪಟ್ಟು ದಪ್ಪದಷ್ಟು ಜಾಗ ಬೇಕು, ಇಲ್ಲಾಂದ್ರೆ ಅಲ್ಲಿಂದಲೇ ಹರಿಯುತ್ತೆ.

ಗೆಳೆಯನ ದಾಲ್ ಮಿಲ್‌ನಿಂದ ತೊಗರಿ ಚೀಲ ತೂಗೋ ಮೂರು ಕಾಟಾ ತರಿಸಿ ಮೂರು ಗಾಲಿ ಕೆಳಗೆ ಇಟ್ಟೆವು. ಮುಂದಿನ ಗಾಲಿ 38 ಕೆ.ಜಿ., ಹಿಂದಿನವು 125 ಮತ್ತು 126. ಒಟ್ಟು 289. ಕೈಪಿಡಿಯಲ್ಲಿ ಖಾಲಿ ತೂಕ 250ರ ಆಸುಪಾಸು. ಇಬ್ಬರು ಕೂತರೆ 150, ಪೆಟ್ರೋಲ್ 30, ಸೇರಿಸಿ 469. ನಮ್ಮಲ್ಲಿ ಮೈಕ್ರೋಲೈಟ್, ಅಂದ್ರೆ ಹಗುರವಾದ ಸಣ್ಣ ವಿಮಾನ, ಅಂತ ಒಪ್ಪೋದು 450ರೊಳಗೆ ಇದ್ದರೆ. ಅದಕ್ಕಿಂತ ಕೆಟ್ಟದ್ದು, ಭಾರವೆಲ್ಲ ಹಿಂದೆ. ಅವನು ಬ್ಯಾಟರಿಯನ್ನು ಬಾಲದ ಕಡೆ ಸರಿಸಿದ್ದ, ಲಪ್ಪ ಬಳಿದಿದ್ದ, ಅದರ ಮೇಲೆ ನನ್ನ ಪೆಟ್ಟಿಗೆ. ಕಾಕಾ ಒಂದೇ ಕೈಯಲ್ಲಿ ಬಾಲ ಒತ್ತಿದರು, ಮೂತಿ ಎದ್ದು ನಿಂತಿತು. ಬಾಲ ಭಾರವಾದ ವಿಮಾನದ ಮೂತಿ ಮೇಲೆದ್ದರೆ ಕೆಳಗಿಳಿಸೋಕೆ ಪೈಲಟ್ ಕೈಯಲ್ಲಿರೋ ಕೋಲನ್ನು ಎಷ್ಟು ಮುಂದಕ್ಕೆ ಒತ್ತಿದರೂ ಸಾಲದೇ ಹೋಗಬಹುದು.

"ಹೆಂಡ್ತಿಗಿ ಕೂಡಿಸ್ಕೊಂಡ್ ಹೋಗಾಂವ ಇದ್ದಿ ಏನ್ ಇದ್ರಾಗ?" ಅಂದರು. ಹೌದು, ಇದ್ದೆ.

ನಿಮಗೆ ನಿಜವಾಗಿಯೂ ಕಟ್ಟೋ ಆಸೆ ಇದ್ದರೆ ಮೊದಲು ಡಿಜಿಸಿಎಗೆ (ವಿಮಾನಗಳಿಗೆ ಅನುಮತಿ ಕೊಡೋ ಕೇಂದ್ರ ಸರ್ಕಾರದ ಕಚೇರಿ) ಬರೆದು ಲಿಖಿತ ಉತ್ತರ ತಗೊಳ್ಳಿ, ಆಮೇಲೆ ರೊಕ್ಕ. ಅನುಮತಿ, ನೋಂದಣಿ ಇಲ್ಲದ್ದನ್ನು ಹೊಲದಿಂದ ಎಬ್ಬಿಸಿಬಿಡೋಣ ಅನ್ನೋದು ಬೇಡ, ಅದರಲ್ಲೂ ಏರ್‌ಫೋರ್ಸ್ ಇರೋ ಬೀದರ್ ಕಡೆ ಅಂತೂ ಬೇಡವೇ ಬೇಡ. ಹಳೇದೇ ಕೊಳ್ಳಬೇಕು ಅಂದ್ರೆ ಬಣ್ಣ ಹೊಡೆಯದೇ ಇರೋದನ್ನು ನೋಡಿ, ಜೊತೆಗೆ ಗೊತ್ತಿರೋರನ್ನು ಕರೆದುಕೊಂಡು ಹೋಗಿ. ಅವರ ಬಸ್ ಚಾರ್ಜು, ಊಟ ನೀವೇ ಕೊಡಿ, 6.4 ಲಕ್ಷಕ್ಕಿಂತ ಕಡಿಮೆಯೇ ಆಗುತ್ತೆ.

ನನ್ನದು ಶೆಡ್ಡಿನ ಹಿಂದೆ ತಾಡಪತ್ರಿ ಕೆಳಗಿದೆ. ಗುಜರಿಯವನು ಕೆ.ಜಿ. ಲೆಕ್ಕದಲ್ಲಿ ಕೇಳಿದ, ಲಪ್ಪದ ತೂಕ ಕಳೆದು. ಮಾರಿದವನು ನನ್ನ ಫೋನ್ ಎತ್ತಲ್ಲ. ಹೋದ ವಾರ ಬೇರೆ ನಂಬರಿನಿಂದ ಇನ್ನೊಂದು ಕಿಟ್ ಫೋಟೊ ಹಾಕಿದ್ದಾನೆ, ಹಿಂದೆ ಅದೇ ಗೋಡೆ, ಅದೇ ಬಿಳಿ-ನೀಲಿ ಬಣ್ಣ. ಶೇಕಡಾ 80 ಮುಗಿದಿದೆಯಂತೆ.