ಬೆರಳು ಬಿಗಿದ ಕೈಗೆ ಬಾಹ್ಯಾಕಾಶ ಯುದ್ಧದ ಆಟ: ಮೌಸ್, ಗೇಮ್‌ಪ್ಯಾಡ್, ಜಾಯ್‌ಸ್ಟಿಕ್, ಟ್ರ್ಯಾಕ್‌ಬಾಲ್, ಪೆಡಲ್‌ಗಳ ಹೋಲಿಕೆ

ಬಾಹ್ಯಾಕಾಶ ಯುದ್ಧದ ಆಟಗಳಿಗೆ ಯಾವ ಸಾಧನ ಒಳ್ಳೆಯದು ಎಂದು ಚರ್ಚೆಯಾಗುವಾಗ ಸಾಮಾನ್ಯವಾಗಿ ನಿಖರತೆ, ವೇಗ ಮತ್ತು ಬಟನ್‌ಗಳ ಸಂಖ್ಯೆಯ ಮಾತೇ ಬರುತ್ತದೆ. ರುಮಟಾಯ್ಡ್ ಸಂಧಿವಾತ ಇರುವ ನನ್ನಂಥವರಿಗೆ ಮುಖ್ಯವಾಗುವುದು ಯಾವ ಚಲನೆಯನ್ನು ಒಂದು ಗಂಟೆಯ ಕಾಲ ನೋವಿಲ್ಲದೆ ಮಾಡುತ್ತಿರಬಹುದು ಎಂಬ ಪ್ರಶ್ನೆ. ನನ್ನ ಬಲಗೈಯ ಹೆಬ್ಬೆರಳ ಬುಡದ ಕೀಲು ಮತ್ತು ಮೊದಲೆರಡು ಬೆರಳುಗಳ ಗೆಣ್ಣುಗಳು ಪೂರ್ತಿ ಬಾಗುವುದಿಲ್ಲ; ಮಣಿಕಟ್ಟು ಮೇಲೆ ಕೆಳಗೆ ಸ್ವಲ್ಪ ಆಡುತ್ತದೆ, ತಿರುಚಿದರೆ ನೋಯುತ್ತದೆ. ಎಡಗೈ ಪರವಾಗಿಲ್ಲವಾದರೂ ಗಟ್ಟಿಯಾಗಿ ಹಿಡಿಯುವ ಶಕ್ತಿ ಅದರಲ್ಲೂ ಕಡಿಮೆ. ಮೊಣಕೈ, ಭುಜ ಮತ್ತು ಕಾಲುಗಳು ಸರಿಯಾಗಿವೆ. ಈ ಹೋಲಿಕೆ ಇಂಥ ದೇಹಕ್ಕೆ ಸಂಬಂಧಿಸಿದ್ದು. ಪಾರ್ಶ್ವವಾಯುವಿನಿಂದ ಒಂದು ಕೈ ಸೋತವರ ಅಥವಾ ಕಾರ್ಪಲ್ ಟನಲ್ (ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವ) ತೊಂದರೆ ಇರುವವರ ತೀರ್ಮಾನ ಬೇರೆಯಾದೀತು.

ಸಾಧನಗಳಿಗೆ ಬರುವ ಮೊದಲು ಆಟ ಏನನ್ನು ಕೇಳುತ್ತದೆ ಎಂಬುದನ್ನು ನೋಡಬೇಕು. ನಾನು ಹೆಚ್ಚಾಗಿ ಪರೀಕ್ಷಿಸಿದ್ದು 2014ರಲ್ಲಿ ಬಂದ ಎಲೀಟ್ ಡೇಂಜರಸ್‌ನಲ್ಲಿ. ಜೊತೆಗೆ 2023ರಲ್ಲಿ ಪೂರ್ಣ ರೂಪದಲ್ಲಿ ಹೊರಬಂದ ಎವರ್‌ಸ್ಪೇಸ್ 2 ಮತ್ತು 1999ರ ಫ್ರೀಸ್ಪೇಸ್ 2. ಎಲೀಟ್‌ನ ಹಡಗಿಗೆ ಮೂರು ಬಗೆಯ ತಿರುಗುವಿಕೆ, ಮೂರು ಬಗೆಯ ಸರಿದಾಟ ಇವೆ ಎಂದು ಓದಿದರೆ ಕೈ ಸರಿಯಿದ್ದವರೂ ಹಿಂಜರಿಯುತ್ತಾರೆ. ವಾಸ್ತವದಲ್ಲಿ ಈ ಆಟದಲ್ಲಿ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ‘ಯಾ’ (yaw) ಎಂಬ ಚಲನೆ ಬಹಳ ನಿಧಾನ. ಆದ್ದರಿಂದ ಶತ್ರು ಪಕ್ಕದಲ್ಲಿದ್ದರೆ ಹಡಗನ್ನು ರೋಲ್ ಮಾಡಿ (ಪಕ್ಕಕ್ಕೆ ಹೊರಳಿಸಿ), ಅವನನ್ನು ತಲೆಯ ನೇರಕ್ಕೆ ತಂದುಕೊಂಡು, ನಂತರ ಪಿಚ್‌ನಿಂದ, ಅಂದರೆ ಮೂತಿಯ ಮೇಲೆ ಕೆಳಗಿನ ಚಲನೆಯಿಂದ, ಮೂತಿ ಎತ್ತುವುದೇ ರೂಢಿ. ವೇಗದ ವಿಷಯವೂ ಹೀಗೆಯೇ: ವೇಗ ಹೆಚ್ಚು ಕಡಿಮೆ ಮಾಡುವ ಥ್ರಾಟಲ್‌ನ ಮಧ್ಯದಲ್ಲಿ ತೋರಿಸುವ ನೀಲಿ ಪಟ್ಟಿಯೊಳಗೆ ಹಡಗು ಚುರುಕಾಗಿ ತಿರುಗುತ್ತದೆ, ಮತ್ತು ಅರ್ಧ ವೇಗಕ್ಕೆಂದೇ ಒಂದು ಬಟನ್ ನಿಗದಿ ಮಾಡಿಕೊಳ್ಳುವ ಅವಕಾಶ ಸೆಟ್ಟಿಂಗ್‌ನಲ್ಲಿದೆ. ಹೀಗಾಗಿ ಥ್ರಾಟಲ್ ಲಿವರ್ ಬೇಕಿಲ್ಲ, ಮಣಿಕಟ್ಟನ್ನು ತಿರುಚುವ ಅಕ್ಷವೂ (ಸಾಧನದ ಒಂದು ಬಗೆಯ ಚಲನೆ) ಬೇಕಿಲ್ಲ. ಉಳಿಯುವುದು ಎರಡು ಅಕ್ಷ ಮತ್ತು ಒಂದಿಷ್ಟು ಬಟನ್.

ಮೌಸ್ ಮತ್ತು ಕೀಬೋರ್ಡ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎವರ್‌ಸ್ಪೇಸ್ 2ರಲ್ಲಿ ಮೌಸ್ ಗುರಿ ಬಹಳ ಸೊಗಸಾಗಿದೆ, ಸರಿಯಿದ್ದ ಕೈಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಮೌಸನ್ನು ಹಿಡಿದು, ಎತ್ತಿ, ಮತ್ತೆ ಇಟ್ಟು, ಜೊತೆಗೆ ತೋರುಬೆರಳಿನಿಂದ ಗುಂಡು ಹಾರಿಸುವ ಬಟನ್ ಒತ್ತಿಯೇ ಇರಬೇಕಾದ ಈ ಕ್ರಮ ನನ್ನ ಗೆಣ್ಣುಗಳಿಗೆ ಅರ್ಧ ಗಂಟೆಯೂ ಒಗ್ಗಲಿಲ್ಲ.

ಗೇಮ್‌ಪ್ಯಾಡ್ ನಡುವಿನ ಸ್ಥಾನಕ್ಕೆ ಬರುತ್ತದೆ. ಅದರ ಸ್ಟಿಕ್‌ಗಳ ಸ್ಪ್ರಿಂಗ್ ಮೃದು, ಚಲನೆ ಚಿಕ್ಕದು. ತೊಂದರೆ ಇರುವುದು ಆ ಚಿಕ್ಕ ಚಲನೆಯೆಲ್ಲ ಹೆಬ್ಬೆರಳ ಬುಡದ ಕೀಲಿನ ಮೇಲೆಯೇ ಬೀಳುವುದರಲ್ಲಿ. ವಾಲಿಕೆಯನ್ನು ಗುರುತಿಸುವ ಜೈರೋಸ್ಕೋಪ್ ಇರುವ ಪ್ಯಾಡ್‌ಗಳು ಇದಕ್ಕೆ ಸ್ವಲ್ಪ ಪರಿಹಾರ ನೀಡುತ್ತವೆ. ಡ್ಯುಯಲ್‌ಶಾಕ್ 4ರಂಥ ಪ್ಯಾಡನ್ನು ಸ್ಟೀಮ್ ಇನ್‌ಪುಟ್ (ಸ್ಟೀಮ್ ತಂತ್ರಾಂಶದಲ್ಲಿ ಬಟನ್‌ಗಳನ್ನು ಹೊಂದಿಸುವ ಸೌಲಭ್ಯ) ಮೂಲಕ ಜೋಡಿಸಿದರೆ ಇಡೀ ಪ್ಯಾಡನ್ನು ವಾಲಿಸಿಯೇ ಗುರಿ ಹೊಂದಿಸಬಹುದು, ಹೆಬ್ಬೆರಳಿಗೆ ರಜೆ ಸಿಗುತ್ತದೆ. ತೊಡೆಯ ಮೇಲೆ ದಿಂಬಿಟ್ಟು, ಅದರ ಮೇಲೆ ಪ್ಯಾಡನ್ನು ಎರಡು ಅಂಗೈಗಳ ನಡುವೆ ಹಿಡಿದಾಗ ಬೆರಳುಗಳಿಗೆ ಭಾರ ಬೀಳಲಿಲ್ಲ. ಆದರೆ ಟ್ರಿಗರ್‌ಗೆ ತೋರುಬೆರಳು ಬಾಗಲೇಬೇಕು. ಒಮ್ಮೆ ಒತ್ತಿದರೆ ಗುಂಡು ಶುರು, ಇನ್ನೊಮ್ಮೆ ಒತ್ತಿದರೆ ನಿಲುಗಡೆ ಎಂಬಂತೆ ಟ್ರಿಗರನ್ನು ಬದಲಾಯಿಸುವ ಸೌಲಭ್ಯ ಸ್ಟೀಮ್ ಇನ್‌ಪುಟ್‌ನಲ್ಲಿದೆ. ಈ ಬದಲಾವಣೆ ಮಾಡಿಕೊಳ್ಳದೆ ಗೇಮ್‌ಪ್ಯಾಡ್ ಬಗ್ಗೆ ಕೈಚೆಲ್ಲುವುದು ಸರಿಯಲ್ಲ. ಬೇಸಿಗೆಯಲ್ಲಿ ಬೆವರಿದ ಅಂಗೈಯಿಂದ ಪ್ಯಾಡ್ ಜಾರುವುದು ಕರಾವಳಿಯವರಿಗೆ ಬೇರೆಯೇ ಒಂದು ಕಿರಿಕಿರಿ.

ಜಾಯ್‌ಸ್ಟಿಕ್ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಮೊದಲ ನೋಟಕ್ಕೆ ಇದು ನಮ್ಮಂಥವರಿಗಲ್ಲ ಎನಿಸುತ್ತದೆ. ಮಾರುಕಟ್ಟೆಯಲ್ಲಿರುವ ಬಹಳಷ್ಟು ಜಾಯ್‌ಸ್ಟಿಕ್‌ಗಳ ಹಿಡಿಯನ್ನು ಬಲಗೈಗೆ ಒಪ್ಪುವಂತೆಯೇ ಅಚ್ಚು ಹಾಕಿರುತ್ತಾರೆ. ಥ್ರಸ್ಟ್‌ಮಾಸ್ಟರ್ ಟಿ.16000ಎಂ ಮಾದರಿಯಲ್ಲಿ ಹಿಡಿಯ ಬದಿಯ ತುಂಡುಗಳನ್ನು ಕಳಚಿ ಎಡಗೈಗೆ ಹೊಂದುವಂತೆ ಜೋಡಿಸಬಹುದು. ನಾನು ಅದನ್ನೇ ಎಡಗೈಗೆ ಮಾಡಿಕೊಂಡೆ. ಹಿಡಿಯ ದಪ್ಪ ಎರಡನೆಯ ವಿಷಯ. ಮಣಿಪಾಲದಲ್ಲಿ ಆಕ್ಯುಪೇಷನಲ್ ಥೆರಪಿಯವರು ಚಮಚದ ಹಿಡಿಗೆ ಫೋಮ್ ಸುತ್ತಿ ದಪ್ಪ ಮಾಡಿಕೊಳ್ಳಲು ಹೇಳಿಕೊಟ್ಟಿದ್ದರು: ಹಿಡಿ ದಪ್ಪವಾದಷ್ಟೂ ಬೆರಳು ಕಡಿಮೆ ಬಾಗಿದರೆ ಸಾಕು, ಬಿಗಿ ಹಿಡಿಯುವ ಬಲವೂ ಕಡಿಮೆ ಸಾಕು. ಅದೇ ಉಪಾಯವನ್ನು ಜಾಯ್‌ಸ್ಟಿಕ್‌ಗೆ ತಂದು, ಬ್ಯಾಡ್ಮಿಂಟನ್ ರಾಕೆಟ್‌ಗೆ ಸುತ್ತುವ ಗ್ರಿಪ್ ಟೇಪನ್ನು ಟ್ರಿಗರ್‌ಗೆ ತಾಗದಂತೆ ಕೆಳಗಿನಿಂದ ಓರೆಯಾಗಿ, ಒಂದು ಸುತ್ತು ಇನ್ನೊಂದರ ಅರ್ಧವನ್ನು ಮುಚ್ಚುವ ಹಾಗೆ ಎರಡು ಪದರ ಸುತ್ತಿದೆ. ಈಗ ಹಿಡಿಯನ್ನು ಮುಷ್ಟಿಯಲ್ಲಿ ಹಿಡಿಯುವುದಿಲ್ಲ. ಅಂಗೈಯನ್ನು ಅದಕ್ಕೆ ಆನಿಸಿ ತಳ್ಳುತ್ತೇನೆ, ಎಳೆಯುವಾಗ ಮಾತ್ರ ಬೆರಳುಗಳು ಕೊಕ್ಕೆಯಾಗುತ್ತವೆ.

ಮೂರನೆಯದು ಚಲನೆಯ ವ್ಯಾಪ್ತಿ. ಜಾಯ್‌ಸ್ಟಿಕ್ ಗ್ರೆಮ್ಲಿನ್ ಎಂಬ ಉಚಿತ ತಂತ್ರಾಂಶದಲ್ಲಿ ಹಿಡಿಯನ್ನು ಅರ್ಧ ದೂರ ವಾಲಿಸಿದರೆ ಆಟಕ್ಕೆ ಪೂರ್ತಿ ವಾಲಿಸಿದಂತೆ ಕಾಣುವ ಹಾಗೆ, ಕೈಯ ಚಲನೆಗೂ ಆಟದ ಚಲನೆಗೂ ಇರುವ ಸಂಬಂಧದ ರೇಖೆಯನ್ನು ಬದಲಿಸಬಹುದು. ಹೀಗೆ ಮಾಡಿದಾಗ ನಿಖರತೆ ಸ್ವಲ್ಪ ಕಡಿಮೆಯಾಗುವುದು ನಿಜ, ಆದರೆ ಮಣಿಕಟ್ಟು ತನ್ನ ಮಿತಿಯ ತುದಿಗೆ ಹೋಗುವುದೇ ಇಲ್ಲ, ಮತ್ತು ಸ್ಪ್ರಿಂಗ್‌ನ ಎದುರು ಹಾಕಬೇಕಾದ ಬಲವೂ ತಗ್ಗುತ್ತದೆ. ಸ್ಪ್ರಿಂಗನ್ನೇ ಬದಲಿಸಲು ಬಿಡುವ ವಿಕೆಬಿ ಗ್ಲಾಡಿಯೇಟರ್‌ನಂಥ ಮಾದರಿಗಳೂ ಇವೆ. ಮುಂಗೈಗೆ ಆಧಾರವಾಗಿ ಮೇಜಿನ ಎತ್ತರಕ್ಕೆ ಒಂದು ಹಲಗೆಯನ್ನಿಟ್ಟರೆ ಕೆಲಸ ಮಣಿಕಟ್ಟಿನಿಂದ ಮೊಣಕೈಗೆ ದಾಟುತ್ತದೆ. ಇದನ್ನು ಜಾಯ್‌ಸ್ಟಿಕ್‌ನ ಭಾಗವೆಂದೇ ಪರಿಗಣಿಸಬೇಕು, ಹಲಗೆಯಿಲ್ಲದ ಜಾಯ್‌ಸ್ಟಿಕ್‌ಗೆ ನಾನು ಗೇಮ್‌ಪ್ಯಾಡ್‌ಗಿಂತ ಕಡಿಮೆ ಅಂಕ ಕೊಡುತ್ತೇನೆ.

ಜಾಯ್‌ಸ್ಟಿಕ್‌ಗೆ ನಿಜವಾದ ಪ್ರತಿಸ್ಪರ್ಧಿಯೆಂದರೆ ದೊಡ್ಡ ಚೆಂಡಿನ ಟ್ರ್ಯಾಕ್‌ಬಾಲ್, ಅಂದರೆ ಚೆಂಡು ಉರುಳಿಸಿ ಕರ್ಸರ್ ಸರಿಸುವ, ಮೌಸ್‌ಗೆ ಬದಲಿಯಾದ ಸಾಧನ. ಹೆಬ್ಬೆರಳಿನಿಂದ ಉರುಳಿಸುವ ಚಿಕ್ಕ ಚೆಂಡಿನ ಮಾದರಿ ನನಗೆ ಪ್ರಯೋಜನವಿಲ್ಲ. ಅದು ಕೆಟ್ಟ ಕೀಲಿಗೇ ಕೆಲಸ ಕೊಡುತ್ತದೆ. ಕೆನ್ಸಿಂಗ್ಟನ್ ಎಕ್ಸ್‌ಪರ್ಟ್ ಮೌಸ್‌ನಲ್ಲಿ ಚೆಂಡು ಮಧ್ಯದಲ್ಲಿದ್ದು ಎರಡೂ ಬದಿ ಒಂದೇ ರೀತಿ ಇರುವುದರಿಂದ ಯಾವ ಕೈಯಿಂದಾದರೂ, ಬೆರಳು ನೀಡಿಕೊಂಡೇ, ಬೇಕಾದರೆ ಅಂಗೈಯಿಂದಲೂ ಉರುಳಿಸಬಹುದು. ಎಲೀಟ್‌ನಲ್ಲಿ ಮೌಸನ್ನು ಎರಡು ಬಗೆಯಲ್ಲಿ ಬಳಸಲು ಸಾಧ್ಯ. ರಿಲೇಟಿವ್ ಮೌಸ್ ಆಯ್ಕೆಯನ್ನು ಹಾಕಿದರೆ ಕರ್ಸರ್ ತಾನಾಗಿ ಮಧ್ಯಕ್ಕೆ ಮರಳುತ್ತದೆ, ಆದ್ದರಿಂದ ಉದ್ದನೆಯ ತಿರುವಿಗೆ ಚೆಂಡನ್ನು ಉರುಳಿಸುತ್ತಲೇ ಇರಬೇಕು. ಆ ಆಯ್ಕೆಯನ್ನು ತೆಗೆದರೆ ಕರ್ಸರ್ ಇಟ್ಟಲ್ಲಿಯೇ ನಿಲ್ಲುತ್ತದೆ: ಒಮ್ಮೆ ಉರುಳಿಸಿ ಕೈ ತೆಗೆದರೂ ಹಡಗು ತಿರುಗುತ್ತಲೇ ಇರುತ್ತದೆ. ಜಾಯ್‌ಸ್ಟಿಕ್‌ನಲ್ಲಿ ತಿರುವು ಮುಗಿಯುವ ತನಕ ಸ್ಪ್ರಿಂಗಿನ ವಿರುದ್ಧ ಬಲ ಹಾಕಿ ಹಿಡಿದಿರಬೇಕು, ಟ್ರ್ಯಾಕ್‌ಬಾಲ್‌ನಲ್ಲಿ ಆ ಹಿಡಿತದ ಶ್ರಮ ಶೂನ್ಯ. ಕೀಲುನೋವಿನವರಿಗೆ ಇದು ಸಣ್ಣ ಲಾಭವಲ್ಲ.

ಹಾಗಿದ್ದೂ ನಾನು ಯುದ್ಧಕ್ಕೆ ಜಾಯ್‌ಸ್ಟಿಕ್ಕನ್ನೇ ಆರಿಸಲು ಕಾರಣ, ಟ್ರ್ಯಾಕ್‌ಬಾಲ್‌ನಲ್ಲಿ ಮಧ್ಯ ಎಲ್ಲಿದೆ ಎಂಬುದು ಕೈಗೆ ತಿಳಿಯುವುದಿಲ್ಲ, ಕಣ್ಣು ಪರದೆಯ ಮೇಲಿನ ಚಿಕ್ಕ ಗುರುತನ್ನು ನೋಡುತ್ತಲೇ ಇರಬೇಕು. ಎದುರಿಗೆ ಒಂದು ಹಡಗಿದ್ದಾಗ ಇದನ್ನು ಸಂಭಾಳಿಸಬಹುದು, ಮೂರಾದಾಗ ಆಗಲಿಲ್ಲ. ಸರಕು ಸಾಗಾಟ, ಗ್ರಹಗಳ ಅನ್ವೇಷಣೆಯಂಥ ನಿಧಾನದ ಆಟಕ್ಕೆ ಮಾತ್ರ ಟ್ರ್ಯಾಕ್‌ಬಾಲ್‌ಗೆ ಸಾಟಿಯಿಲ್ಲ. ಬೆವರು, ಧೂಳು ಸೇರಿ ಚೆಂಡು ನಿಂತಿರುವ ಪುಟ್ಟ ಆಧಾರಗಳ ಮೇಲೆ ಕೊಳೆ ಕಟ್ಟಿದಾಗ ಅದು ಒಂದು ದಿಕ್ಕಿಗೆ ಮಾತ್ರ ಬಿಗಿಯುತ್ತದೆ. ಚೆಂಡನ್ನು ತೆಗೆದು ಒಣ ಬಟ್ಟೆಯಿಂದ ಒರೆಸಿದರೆ ಸಾಕು, ಮಳೆಗಾಲದಲ್ಲಿ ತುಸು ಹೆಚ್ಚು ಸಲ.

ಕಾಲನ್ನು ಬಳಸಿದ್ದು ನನಗೆ ನಿರೀಕ್ಷೆಗಿಂತ ಹೆಚ್ಚು ಫಲ ಕೊಟ್ಟಿತು. ವಿಮಾನದ ಆಟಗಳಿಗೆಂದು ಮಾರುವ ರಡರ್ ಪೆಡಲ್‌ಗಳಲ್ಲಿ ಮೂರು ಅಕ್ಷಗಳಿರುತ್ತವೆ: ಎರಡು ಪಾದಗಳು ಹಿಂದೆ ಮುಂದೆ ಜಾರುವುದು ಒಂದು, ಪ್ರತಿ ಪಾದದ ಬೆರಳ ತುದಿಯಿಂದ ಒತ್ತುವುದು ಒಂದೊಂದು. ರೂಢಿಯಂತೆ ಜಾರುವ ಅಕ್ಷವನ್ನು ‘ಯಾ’ಗೆ ಕೊಡುತ್ತಾರೆ. ಎಲೀಟ್‌ನಲ್ಲಿ ‘ಯಾ’ ನಿಧಾನವಾದ್ದರಿಂದ ನಾನು ಅದನ್ನು ರೋಲ್‌ಗೆ ಕೊಟ್ಟೆ. ಆಗ ಕೈಗೆ ಉಳಿದದ್ದು ಪಿಚ್ ಮಾತ್ರ, ಅಂದರೆ ಹಿಡಿಯನ್ನು ಮುಂದೆ ತಳ್ಳುವುದು, ಹಿಂದೆ ಎಳೆಯುವುದು. ಅದನ್ನು ಮೊಣಕೈಯೊಂದೇ ಮಾಡಬಲ್ಲದು. ಮನಸ್ಸಿಗೆ ಇದು ಕೂರಲು ಸಾಕಷ್ಟು ವಾರಗಳೇ ಬೇಕಾದವು, ಮೊದಮೊದಲು ಎಡಕ್ಕೆ ಹೊರಳಬೇಕಾದಾಗ ಬಲಕ್ಕೆ ಹೊರಳುತ್ತಿದ್ದೆ. ಉಡುಪಿಯ ನಮ್ಮ ಹಳೆಯ ಮನೆಯ ರೆಡ್ ಆಕ್ಸೈಡ್ ನೆಲ ಎಷ್ಟು ನುಣುಪೆಂದರೆ ಪೆಡಲ್ ಒತ್ತಿದಷ್ಟೂ ದೂರ ಸರಿಯುತ್ತದೆ. ಕೆಳಗೆ ರಬ್ಬರ್ ಮ್ಯಾಟ್, ಹಿಂದೆ ಗೋಡೆಗೆ ಆನಿಸಿದ ಒಂದು ಮರದ ತುಂಡು ಇಟ್ಟ ಮೇಲೆ ಅದು ನಿಂತಿತು.

ಬಲಗೈಗೆ ಬಟನ್‌ಗಳ ಕೆಲಸ ಮಾತ್ರ. ದುಬೈಯಿಂದ ರಜೆಗೆ ಬಂದ ಭಾವ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ತಂದಿದ್ದರಿಂದ ಅದನ್ನೂ ನೋಡುವ ಅವಕಾಶ ಸಿಕ್ಕಿತು. 2018ರಲ್ಲಿ ಬಂದ ಈ ಸಾಧನದಲ್ಲಿ ಎರಡು ದೊಡ್ಡ ಗುಂಡನೆಯ ಬಟನ್‌ಗಳಿದ್ದು, ಹಿಂಬದಿಯಲ್ಲಿ ಹೊರಗಿನ ಸ್ವಿಚ್‌ಗಳನ್ನು ಸಿಕ್ಕಿಸಲು 3.5 ಮಿ.ಮೀ. ಅಳತೆಯ 19 ಕಿಂಡಿಗಳಿವೆ. ಮುಚ್ಚಿದ ಮುಷ್ಟಿಯ ಬದಿಯಿಂದಲೂ ಒತ್ತಬಹುದಾದ ಆ ಬಟನ್‌ಗಳು ಬಹಳ ಹಿತವಾಗಿವೆ. ಆದರೆ ಇದು ಜಾಯ್‌ಸ್ಟಿಕ್‌ಗೆ ಬದಲಿಯಲ್ಲ, ಬೇರೆ ಬೇರೆ ಸಾಧನಗಳನ್ನು ಒಟ್ಟುಗೂಡಿಸುವ ಪೆಟ್ಟಿಗೆ. ಸ್ವಿಚ್‌ಗಳನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ಎರಡೂ ಕೈಗಳಲ್ಲಿ ಚಲನೆ ತೀರಾ ಕಡಿಮೆ ಇರುವವರಿಗೆ ಇದೇ ಮೊದಲ ಆಯ್ಕೆಯಾಗಬೇಕು. ನನ್ನ ಮಟ್ಟದ ತೊಂದರೆಗೆ ಒಂದು ಯುಎಸ್‌ಬಿ ನಂಬರ್ ಪ್ಯಾಡ್ ಸಾಕಾಯಿತು. ಅದರ ಎಂಟರ್ ಮತ್ತು ಸೊನ್ನೆಯ ಕೀಗಳು ಉಳಿದವುಗಳ ಎರಡರಷ್ಟು ದೊಡ್ಡವು, ಅವುಗಳಿಗೆ ಗುಂಡು ಮತ್ತು ಗುರಿ ಆಯ್ಕೆಯನ್ನು ಕೊಟ್ಟು ಕಿರುಬೆರಳ ಕಡೆಯ ಅಂಚಿನಿಂದ ಒತ್ತುತ್ತೇನೆ.

ಧ್ವನಿಯ ಆದೇಶಕ್ಕೆ ವಾಯ್ಸ್‌ಅಟ್ಯಾಕ್ ಎಂಬ ತಂತ್ರಾಂಶ ಪ್ರಸಿದ್ಧ. ಹೇಳಿದ್ದನ್ನು ಕೇಳಿ ಮುಗಿಸಿ ಅರ್ಥ ಮಾಡಿಕೊಳ್ಳಲು ಅದು ಸ್ವಲ್ಪ ಸಮಯ ತೆಗೆದುಕೊಳ್ಳುವುದರಿಂದ ಗುಂಡು ಹಾರಿಸಲು ಅದನ್ನು ನಂಬುವಂತಿಲ್ಲ. ಲ್ಯಾಂಡಿಂಗ್ ಗೇರ್ ಇಳಿಸಲು, ಹಡಗಿನ ಶಕ್ತಿಯನ್ನು ಶೀಲ್ಡ್, ಎಂಜಿನ್, ಆಯುಧಗಳ ನಡುವೆ ಹಂಚಲು ಮಾತ್ರ ಬಹಳ ಅನುಕೂಲ. ಅದು ಬಳಸುವ ವಿಂಡೋಸ್‌ನ ಧ್ವನಿ ಗುರುತಿಸುವ ವ್ಯವಸ್ಥೆಗೆ ಕನ್ನಡ ಬಾರದ ಕಾರಣ ಆದೇಶಗಳು ಇಂಗ್ಲಿಷಿನಲ್ಲಿಯೇ ಇರಬೇಕು. ನಮ್ಮ ಕರಾವಳಿಯ ಉಚ್ಚಾರಣೆಗೆ ಒಂದೇ ಪದದ ಆದೇಶಗಳು ತಪ್ಪುತ್ತಿದ್ದವು, ಎರಡು ಮೂರು ಪದಗಳ ಆದೇಶಗಳು ಹೆಚ್ಚು ಸರಿ ಹೋದವು. ಜೂನ್ ಬಂದು ಅಂಗಳದ ಶೀಟಿನ ಮೇಲೆ ಮಳೆ ಹೊಡೆಯತೊಡಗಿದ ಮೇಲೆ ಮೈಕ್‌ಗೆ ಆ ಸದ್ದೊಂದೇ ಕೇಳಿಸುತ್ತದೆ, ಹಾಗಾಗಿ ಇಲ್ಲಿ ಧ್ವನಿಯ ಮೇಲೆಯೇ ಎಲ್ಲವನ್ನೂ ಕಟ್ಟುವಂತಿಲ್ಲ.

ಸಾಧನಕ್ಕೆ ಹಣ ಹಾಕುವ ಮೊದಲು ಆಟದೊಳಗಿನ ಸೌಲಭ್ಯಗಳನ್ನು ನೋಡುವುದು ಒಳ್ಳೆಯದು. ಎಲೀಟ್‌ನಲ್ಲಿ ಗಿಂಬಲ್ ಇರುವ ಆಯುಧಗಳನ್ನು ಹಾಕಿಕೊಂಡರೆ ಅವು ಎದುರಿನ ಒಂದು ಮಿತಿಯೊಳಗೆ ಶತ್ರುವನ್ನು ತಾವೇ ಹಿಂಬಾಲಿಸುತ್ತವೆ. ಸ್ಥಿರ ಆಯುಧಗಳಿಗಿಂತ ಅವುಗಳ ಹೊಡೆತ ಕಡಿಮೆ, ಶತ್ರು ಚಾಫ್ (ಗುರಿ ತಪ್ಪಿಸುವ ಚೂರುಗಳು) ಎಸೆದಾಗ ದಾರಿ ತಪ್ಪುತ್ತವೆ. ಆದರೂ ಕೈ ನಡುಗುವವರಿಗೆ ಈ ವಿನಿಮಯದಲ್ಲಿ ನಷ್ಟವಿಲ್ಲ. ಹಡಗನ್ನು ತಾನಾಗಿ ಸ್ಥಿರಗೊಳಿಸುವ ಫ್ಲೈಟ್ ಅಸಿಸ್ಟನ್ನು ಆನ್ ಇಟ್ಟೇ ಆಡಬೇಕು. ಅದನ್ನು ಆಫ್ ಮಾಡಿ ಆಡುವುದೇ ನಿಜವಾದ ಹಾರಾಟ ಎನ್ನುವವರ ಮಾತಿಗೆ ನನ್ನ ಮಣಿಕಟ್ಟಿನ ಒಪ್ಪಿಗೆಯಿಲ್ಲ.

ಹೊಸದಾಗಿ ಶುರು ಮಾಡುವವರಿಗೆ ನಾನು ಫ್ರೀಸ್ಪೇಸ್ 2 ಹೇಳುತ್ತೇನೆ. ಅದರ ಮೂಲ ಸಂಕೇತ (ಸೋರ್ಸ್ ಕೋಡ್) 2002ರಲ್ಲಿ ಬಿಡುಗಡೆಯಾದ ಕಾರಣ ಅಭಿಮಾನಿಗಳು ಅದನ್ನು ಇಂದಿಗೂ ಸುಧಾರಿಸುತ್ತ ಬಂದಿದ್ದಾರೆ, ಸಾಧಾರಣ ಲ್ಯಾಪ್‌ಟಾಪ್‌ನಲ್ಲಿಯೂ ಓಡುತ್ತದೆ. ಎಂ ಕೀ ಒತ್ತಿದರೆ ಎದುರಿನ ಹಡಗಿನ ವೇಗಕ್ಕೆ ನಮ್ಮ ವೇಗ ತಾನಾಗಿ ಹೊಂದುತ್ತದೆ, ಎಚ್ ಒತ್ತಿದರೆ ಹತ್ತಿರದ ಶತ್ರು ಗುರಿಯಾಗುತ್ತಾನೆ. ಈ ಎರಡು ಕೀ, ಗುಂಡಿನ ಒಂದು ಬಟನ್ ಮತ್ತು ಎಡಗೈಯ ಜಾಯ್‌ಸ್ಟಿಕ್ ಇದ್ದರೆ ಆರಂಭದ ಹಂತಗಳನ್ನು ದಾಟಬಹುದು. ಪೆಡಲ್ ಕೊಳ್ಳಬೇಕೋ ಬೇಡವೋ ಎಂಬುದನ್ನು ಆಮೇಲೆ ತೀರ್ಮಾನಿಸಿದರಾಯಿತು.