ಇಂಗ್ಲೆಂಡಿನ ಪಾಠದ ಪೆಟ್ಟಿಗೆ, ನಮ್ಮ ಐದನೆಯ ತರಗತಿಯಲ್ಲಿ

ನನ್ನ ತಂಗಿಯ ಮಗಳು ಇಂಗ್ಲೆಂಡಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಕಳೆದ ಬೇಸಿಗೆಯಲ್ಲಿ ಬೈಲಹೊಂಗಲಕ್ಕೆ ಬಂದಾಗ, "ದೊಡ್ಡವ್ವ, ನಿಮ್ಮ ಮಕ್ಕಳಿಗೂ ಇದನ್ನು ಆಡಿಸಿ ನೋಡಿರಿ" ಎಂದು ಒಂದು ಪಾಠದ ಪೆಟ್ಟಿಗೆಯನ್ನು ಕೊಟ್ಟು ಹೋದಳು. ವಿಷಯ: ಪ್ರಜಾಪ್ರಭುತ್ವ ಮತ್ತು ಬ್ರಿಟಿಷ್ ಮೌಲ್ಯಗಳು. 40 ಚಿತ್ರದ ಕಾರ್ಡುಗಳು, ನಾಲ್ಕು ಭಿತ್ತಿಚಿತ್ರಗಳು, ಮಡಚಿ ನಿಲ್ಲಿಸುವ ರಟ್ಟಿನ ಮತಪೆಟ್ಟಿಗೆ, ಶಿಕ್ಷಕರಿಗೊಂದು ಕೈಪಿಡಿ. ನಮ್ಮ ಹಳ್ಳಿಯ ಸರಕಾರಿ ಶಾಲೆಯ ಐದನೆಯ ತರಗತಿಯ 31 ಮಕ್ಕಳೊಂದಿಗೆ ಒಂದು ಪೂರ್ತಿ ಶೈಕ್ಷಣಿಕ ಅವಧಿ ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಪ್ರಜಾಪ್ರಭುತ್ವ, ಕಾನೂನಿನ ಆಳ್ವಿಕೆ, ವ್ಯಕ್ತಿಸ್ವಾತಂತ್ರ್ಯ, ಬೇರೆ ಧರ್ಮ ಮತ್ತು ನಂಬಿಕೆಯವರ ಬಗ್ಗೆ ಪರಸ್ಪರ ಗೌರವ ಹಾಗೂ ಸಹನೆ. ಇವನ್ನು ಶಾಲೆಗಳು ಮಕ್ಕಳಲ್ಲಿ ಬೆಳೆಸಬೇಕೆಂದು ಅಲ್ಲಿನ ಶಿಕ್ಷಣ ಇಲಾಖೆ 2014ರ ನವೆಂಬರಿನಲ್ಲಿ ಮಾರ್ಗದರ್ಶಿ ಹೊರಡಿಸಿತ್ತು. ಈ ಪೆಟ್ಟಿಗೆ ಅದನ್ನೇ ಅನುಸರಿಸುತ್ತದೆ. ಕಾರ್ಡುಗಳ ಮುದ್ರಣ ಚೆನ್ನಾಗಿದೆ, ಕಾಗದ ಗಟ್ಟಿ. ಮಕ್ಕಳ ಕೈಯಲ್ಲಿ ಇಷ್ಟು ದಿನ ಓಡಾಡಿದರೂ ಮೂಲೆ ಮಾತ್ರ ಮಡಚಿದೆ.

ಮೊದಲ ದಿನವೇ ಒಬ್ಬ ಹುಡುಗ ಎದ್ದು ನಿಂತ. "ಅಕ್ಕೋರೇ, ಚೆನ್ನಮ್ಮ ರಾಣಿ ಬ್ರಿಟಿಷರ ಮೇಲೆ ಯುದ್ಧ ಮಾಡಿದ್ದಳಲ್ಲವೇ? ಅವರ ಮೌಲ್ಯ ನಮಗೇಕೆ?" ರಾಣಿಯ ಸಮಾಧಿ ಇರುವ ಬೈಲಹೊಂಗಲದ ಸೀಮೆಯಲ್ಲಿ ಈ ಪ್ರಶ್ನೆ ಏಳದಿದ್ದರೆ ನನಗೇ ಬೇಸರವಾಗುತ್ತಿತ್ತು. 1824ರಲ್ಲಿ ಕಿತ್ತೂರಿನ ಮೇಲೆ ಬಂದ ಕಂಪನಿ ಸರಕಾರ ನಮ್ಮವರ ಒಪ್ಪಿಗೆ ಕೇಳಿರಲಿಲ್ಲ, ಒಪ್ಪಿಗೆ ಕೇಳಿ ಆಳುವುದೇ ಪ್ರಜಾಪ್ರಭುತ್ವ ಎಂದು ಅವನಿಗೆ ಹೇಳಿದೆ. ಮರುದಿನ ನಮ್ಮ ಸಂವಿಧಾನದ ಪ್ರಸ್ತಾವನೆಯನ್ನು ದೊಡ್ಡದಾಗಿ ಬರೆದು ಭಿತ್ತಿಚಿತ್ರದ ಪಕ್ಕದಲ್ಲಿ ಅಂಟಿಸಿದೆ. ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ. ಎರಡರಲ್ಲೂ ಇರುವುದನ್ನು ಮಕ್ಕಳೇ ಗೆರೆ ಎಳೆದು ಜೋಡಿಸಿದರು. ಲಂಡನ್ನಿನ ಸಂಸತ್ತಿನ ಚಿತ್ರದ ಕೆಳಗೆ ಬೆಳಗಾವಿಯ ಸುವರ್ಣ ವಿಧಾನಸೌಧದ ಚಿತ್ರವೂ ಬಂತು.

"ರಾಜನಿದ್ದ ಮೇಲೆ ಪ್ರಜಾಪ್ರಭುತ್ವ ಹೇಗೆ?" ಎಂಬುದು ಇನ್ನೊಂದು ಪ್ರಶ್ನೆ. ಕಿರೀಟದ ಚಿತ್ರವಿರುವ ಕಾರ್ಡಿನಲ್ಲಿ ಇದಕ್ಕೆ ಉತ್ತರವಿಲ್ಲ, ಇರಬೇಕಿತ್ತು. ಆಳುವ ಅಧಿಕಾರ ಜನರು ಆರಿಸಿದ 650 ಸದಸ್ಯರ ಕೆಳಮನೆಯಲ್ಲಿ ಬಹುಮತವಿದ್ದವರದು ಎಂದು ನಾನೇ ವಿವರಿಸಬೇಕಾಯಿತು.

ಪೆಟ್ಟಿಗೆಯಲ್ಲಿ ನನಗೆ ಬಹಳ ಹಿಡಿಸಿದ್ದು ನಡೆದು ಮತ ಹಾಕುವ ಆಟ. ಅಲ್ಲಿನ ಕೆಳಮನೆಯಲ್ಲಿ ಸದಸ್ಯರು ಎದ್ದು, ಪರವಿದ್ದವರು ಒಂದು ಪಡಸಾಲೆಗೂ ವಿರೋಧವಿದ್ದವರು ಇನ್ನೊಂದಕ್ಕೂ ನಡೆದುಹೋಗಿ ಮತ ನೀಡುತ್ತಾರೆ. ನಾವು ಕೊನೆಯ ಅವಧಿಯಲ್ಲಿ ಕಬಡ್ಡಿಯೋ ಖೋ ಖೋ ಆಟವೋ ಎಂದು ಕೇಳಿ, ಕಿಟಕಿಯ ಕಡೆಗೆ ಕಬಡ್ಡಿ, ಬಾಗಿಲ ಕಡೆಗೆ ಖೋ ಖೋ ಎಂದು ಗೊತ್ತುಮಾಡಿದೆವು. ಮೂಲೆಯಲ್ಲಿ ಕುಳಿತಿರುವ ಮಕ್ಕಳೂ ಎದ್ದು ಹೆಜ್ಜೆ ಹಾಕಿದರು. ಕಬಡ್ಡಿಗೆ 22, ಖೋ ಖೋ ಆಟಕ್ಕೆ 9.

ಆದರೆ ಬಾಗಿಲ ಕಡೆಗೆ ಹೊರಟಿದ್ದ ಒಬ್ಬ ಹುಡುಗಿ ನಡುವೆ ನಿಂತು, ತರಗತಿಯ ಮುಖಂಡನ ಮುಖ ನೋಡಿ, ಕಿಟಕಿಯ ಕಡೆಗೆ ತಿರುಗಿದ್ದನ್ನು ನಾನು ಕಂಡೆ. ಈ ಪೆಟ್ಟಿಗೆಯ ದೊಡ್ಡ ಕೊರತೆ ಇಲ್ಲಿದೆ. ಸದಸ್ಯರು ಬಹಿರಂಗವಾಗಿ ಮತ ಹಾಕುವುದು ಸರಿ, ಆರಿಸಿ ಕಳಿಸಿದವರಿಗೆ ಅದು ತಿಳಿಯಬೇಕು. ಆದರೆ ಮತದಾರನ ಮತ ಗುಟ್ಟಾಗಿರಬೇಕು. ಬ್ರಿಟನ್ನಿನಲ್ಲೇ 1872ರಲ್ಲಿ ಗುಪ್ತ ಮತದಾನದ ಕಾನೂನು ಬಂದಿತ್ತು. ಕೈಪಿಡಿಯಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ. ರಟ್ಟಿನ ಪೆಟ್ಟಿಗೆ ಕೊಟ್ಟು, ಚಟುವಟಿಕೆಗಳಲ್ಲಿ ಕೈ ಎತ್ತಲು ಹೇಳುತ್ತಾರೆ.

ಹಾಗಾಗಿ ನಾನು 1951–52ರ ನಮ್ಮ ಮೊದಲ ಮಹಾಚುನಾವಣೆಯ ಪದ್ಧತಿಯನ್ನು ತಂದೆ. ಆಗ ಪ್ರತಿ ಅಭ್ಯರ್ಥಿಗೂ ಬೇರೆ ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಬಿಸಿಯೂಟದ ಅಡುಗೆ ಕೋಣೆಯಲ್ಲಿ ಎರಡು ಎಣ್ಣೆಯ ಡಬ್ಬಿ ಇಟ್ಟು ಆಟದ ಚಿತ್ರ ಅಂಟಿಸಿ, ಒಬ್ಬೊಬ್ಬರೇ ಹೋಗಿ ಹುಣಸೆ ಬೀಜ ಹಾಕಿ ಬರಲು ಹೇಳಿದೆ. ಐದಾರು ಮಕ್ಕಳು ಹೋಗಿ ಬರುವಷ್ಟರಲ್ಲಿ ಹೊರಗೆ ನಿಂತವರು, "ಅಕ್ಕೋರೇ, ತುಕ್ಕು ಹಿಡಿದ ಡಬ್ಬಿಯ ಸದ್ದೇ ಬೇರೆ, ಯಾರು ಎಲ್ಲಿ ಹಾಕಿದರೆಂದು ಗೊತ್ತಾಗುತ್ತದೆ" ಎಂದರು. ನನಗೆ ಹೊಳೆದಿರಲಿಲ್ಲ. ಬೀಜ ಬಿಟ್ಟು ಕಾಗದದ ಚೀಟಿ ಕೊಟ್ಟು ಮೊದಲಿನಿಂದ ಮತದಾನ ನಡೆಸಿದೆವು. ಖೋ ಖೋ ಆಟಕ್ಕೆ 18, ಕಬಡ್ಡಿಗೆ 13. ಆ ಹುಡುಗಿ ಎಣಿಕೆ ಮುಗಿಯುವವರೆಗೂ ಡಬ್ಬಿಯ ಪಕ್ಕದಿಂದ ಕದಲಲಿಲ್ಲ.

ಬೆಲೆ 25 ಪೌಂಡ್ ಎಂದು ತಂಗಿಯ ಮಗಳು ಹೇಳಿದಳು. ಅಷ್ಟು ಹಣ ಕೊಟ್ಟು ತರಿಸಿಕೊಳ್ಳಿ ಎಂದು ಯಾವ ಶಿಕ್ಷಕರಿಗೂ ನಾನು ಹೇಳುವುದಿಲ್ಲ. ಯಾರಾದರೂ ತಂದುಕೊಟ್ಟರೆ ಬೇಡವೆನ್ನಬೇಡಿರಿ, ನಡೆದು ಮತ ಹಾಕುವ ಆಟವನ್ನಂತೂ ಆಡಿಸಿರಿ, ಗುಪ್ತ ಮತದಾನಕ್ಕೆ ಮಾತ್ರ ನಿಮ್ಮದೇ ಡಬ್ಬಿ ಇಡಿರಿ. ಇದನ್ನೆಲ್ಲ ಫೋನಿನಲ್ಲಿ ಹೇಳಿದ ಮೇಲೆ ಮಗಳು ಕೂಡ ತನ್ನ ತರಗತಿಯಲ್ಲಿ ಕೈ ಎತ್ತಿಸುವುದನ್ನು ನಿಲ್ಲಿಸಿ ಚೀಟಿ ಹಾಕಿಸುತ್ತಿದ್ದಾಳೆ.