ಸೀಮೋರ್ ಡಂಕನ್ '59 ಹಂಬಕರ್ ಜೋಡಿ: ಕೆಲವು ವರ್ಷ ನುಡಿಸಿದ ಮೇಲೆ

ನನ್ನ ಎಲೆಕ್ಟ್ರಿಕ್ ಗಿಟಾರಿಗೆ ಸೀಮೋರ್ ಡಂಕನ್ ಕಂಪನಿಯ '59 ಪಿಕಪ್ ಜೋಡಿ ಹಾಕಿಸಿ ಕೆಲವು ವರ್ಷಗಳಾದವು. ಪಿಕಪ್ ಅಂದರೆ ಸ್ಟ್ರಿಂಗ್‌ಗಳ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಭಾಗ; ಅದರಲ್ಲಿ ಮ್ಯಾಗ್ನೆಟ್, ಕಾಯಿಲ್ (ಸುರುಳಿ ಸುತ್ತಿದ ತಂತಿ) ಇರುತ್ತವೆ. ನೆಕ್ (ಗಿಟಾರಿನ ಕತ್ತು) ಕಡೆಗೊಂದು, ಬ್ರಿಜ್ (ಆ ತುದಿಯಲ್ಲಿ ಸ್ಟ್ರಿಂಗ್‌ಗಳು ಕೂರುವ ಆಧಾರ) ಕಡೆಗೊಂದು. ಗಿಟಾರಿನ ಜೊತೆ ಬಂದಿದ್ದ ಪಿಕಪ್‌ಗಳು ಜೋರಾಗಿಯೇ ಇದ್ದವು. ಆದರೆ ಆಂಪ್ಲಿಫೈಯರಿನ (ಆಂಪ್) ಗೇನ್, ಅಂದರೆ ದನಿಯನ್ನು ಒರಟಾಗಿಸುವ ನಾಬ್, ಸ್ವಲ್ಪ ಏರಿಸಿದರೂ ಕಾರ್ಡ್ ಪೂರ್ತಿ ಕಲಸಿಹೋಗುತ್ತಿತ್ತು. ಕಾರ್ಡ್ ನುಡಿಸಿದಾಗ ಅದರೊಳಗಿನ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಬೇಕು. ನನಗೆ ಬೇಕಿದ್ದುದು ಇಷ್ಟೇ.

ಇದರ ಮಾದರಿ ಗಿಟಾರ್ ಕಂಪನಿ ಗಿಬ್ಸನ್‌ನ 1950ರ ದಶಕದ ಕೊನೆಯ ಹಂಬಕರ್, ಅಂದರೆ ಗುಂಯ್ ಸದ್ದು ಅಡಗಿಸುವ ಎರಡು ಕಾಯಿಲ್‌ನ ಪಿಕಪ್. ಗಿಬ್ಸನ್‌ನಲ್ಲಿ ಕೆಲಸ ಮಾಡುತ್ತಿದ್ದ ಸೇತ್ ಲವರ್ 1955ರಲ್ಲಿ ಅದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು. ಎರಡು ಕಾಯಿಲ್ ಪಕ್ಕಪಕ್ಕ ಇರುತ್ತವೆ. ಸುತ್ತೂ ಉಲ್ಟಾ, ಮ್ಯಾಗ್ನೆಟ್ಟಿನ ಧ್ರುವವೂ ಉಲ್ಟಾ. ಹಾಗಾಗಿ ಕರೆಂಟಿನ ಗುಂಯ್‌ಗುಟ್ಟುವಿಕೆ ಅಲ್ಲೇ ರದ್ದಾಗುತ್ತದೆ, ಸ್ಟ್ರಿಂಗ್‌ಗಳ ದನಿ ಮಾತ್ರ ಒಟ್ಟುಗೂಡುತ್ತದೆ.

ಪಿಕಪ್ ಆರಿಸುವಾಗ ಹೆಚ್ಚಿನವರ ಕಣ್ಣು ಮೊದಲು ಹೋಗುವುದು ಕಿಲೋ-ಓಮ್ ಅಂಕಿಯ (ಕಾಯಿಲ್ ತಂತಿಯ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ) ಮೇಲೆ. ಅಂಕಿ ಜಾಸ್ತಿ ಇದ್ದರೆ ಪವರ್ ಜಾಸ್ತಿ ಅಂತ ಲೆಕ್ಕ. ಅದು ಅಷ್ಟು ಸುಲಭ ಅಲ್ಲ. '59ರ ನೆಕ್ ಪಿಕಪ್ ಸುಮಾರು 7.5, ಬ್ರಿಜ್ ಸುಮಾರು 8. ಅದೇ ಕಂಪನಿಯ ಜೆಬಿ ಎಂಬ ಪಿಕಪ್ 16ಕ್ಕೂ ಮೇಲೆ. ಹಾಗಂತ ಜೆಬಿ ಎರಡು ಪಟ್ಟು ಜೋರಾಗಿಲ್ಲ. ಅದಕ್ಕೆ ಸುತ್ತಿರುವ ತಾಮ್ರದ ತಂತಿ ಇನ್ನೂ ತೆಳು, ತಂತಿ ತೆಳುವಾದಷ್ಟೂ ರೆಸಿಸ್ಟೆನ್ಸ್ ಏರುತ್ತದೆ. ಎರಡರಲ್ಲೂ ಇರುವುದು ಆಲ್ನಿಕೋ 5 ಮ್ಯಾಗ್ನೆಟ್ಟೇ. ಸುತ್ತು ಹೆಚ್ಚಿದಂತೆ ಮಧ್ಯದ ದನಿ ದಪ್ಪಗಾಗುತ್ತದೆ, ಮೇಲಿನ ಹೊಳಪು ತಗ್ಗುತ್ತದೆ. ನನಗೆ ಆ ಹೊಳಪೇ ಬೇಕಿತ್ತು, ಅದಕ್ಕೇ ಕಡಿಮೆ ಸುತ್ತಿನ ಜೋಡಿ ತೆಗೆದುಕೊಂಡೆ.

ಇವುಗಳ ಗುಣ ಪೂರ್ತಿ ಗೊತ್ತಾಗುವುದು ವಾಲ್ಯೂಮ್ ನಾಬ್ ಇಳಿಸಿದಾಗ. ಆಂಪ್ ಅನ್ನು ದನಿ ಆಗಲೋ ಈಗಲೋ ಒಡೆದು ಒರಟಾಗುವ ಹಂತಕ್ಕೆ ಇಟ್ಟುಕೊಳ್ಳಿ. ಗಿಟಾರಿನ ವಾಲ್ಯೂಮ್ 10ರಲ್ಲಿದ್ದರೆ ಬ್ರಿಜ್ ಪಿಕಪ್ ಗರಗರ ಅನ್ನುತ್ತದೆ. 6ಕ್ಕೆ ಇಳಿಸಿ ಮೆಲ್ಲಗೆ ಮೀಟಿದರೆ ಕ್ಲೀನ್. ಅಲ್ಲಿಂದಲೇ ಪಿಕ್ ಸ್ವಲ್ಪ ಒತ್ತಿ ಹೊಡೆದರೆ ಗರಗರ ಮತ್ತೆ ಅಂಚಿನಲ್ಲಿ ಇಣುಕುತ್ತದೆ. ಪೆಡಲ್ ಒತ್ತದೆ, ಬರೀ ಬೆರಳಲ್ಲೇ ಇಷ್ಟೆಲ್ಲಾ ಸಿಗುತ್ತದೆ. ಇದು ರೂಢಿಯಾದ ಮೇಲೆ ಬಿಡಲು ಮನಸ್ಸು ಬರುವುದಿಲ್ಲ, ಅಷ್ಟು ಖುಷಿ ಕೊಡುತ್ತದೆ.

ಒಂದು ಮಾತು. ಪಿಕಪ್ ಬದಲಾಯಿಸುವ ಮೊದಲು ಇರುವುದರ ಎತ್ತರ ಸರಿ ಮಾಡಿ ನೋಡಿ. ಕೊನೆಯ ಫ್ರೆಟ್ ಒತ್ತಿ ಹಿಡಿದು, ಸ್ಟ್ರಿಂಗ್‌ಗೂ ಪಿಕಪ್ಪಿನ ಪೋಲ್‌ಗೂ (ಮೇಲೆ ಕಾಣುವ ಲೋಹದ ತುದಿ) ನಡುವಿನ ಜಾಗ ಅಳೆಯಿರಿ. 2 ಮಿಲಿಮೀಟರ್ ಆಸುಪಾಸಿನಿಂದ ಶುರು ಮಾಡಿ, ಪಕ್ಕದ ಸ್ಕ್ರೂ ಅರ್ಧರ್ಧ ಸುತ್ತು ತಿರುಗಿಸುತ್ತಾ ಕೇಳಿ. ಹತ್ತಿರ ತಂದರೆ ಜೋರು, ಒರಟು. ದೂರ ಮಾಡಿದರೆ ದನಿ ತೆರೆದುಕೊಳ್ಳುತ್ತದೆ. ನನ್ನ '59ರ ನೆಕ್ ಪಿಕಪ್ಪನ್ನು ದಪ್ಪ ಸ್ಟ್ರಿಂಗ್‌ಗಳ ಕಡೆ ಸಾಕಷ್ಟು ಕೆಳಗೇ ಇಳಿಸಿದ್ದೇನೆ, ಯಾಕೆಂದರೆ ಅದರ ಕೆಳಸ್ವರ ತುಂಬು. ಮೊದಲೇ ದಪ್ಪ ದನಿಯ ಗಿಟಾರಾದರೆ ಅದು ಜಾಸ್ತಿಯೇ ಅನ್ನಿಸಬಹುದು. ಎತ್ತರ ಸರಿಮಾಡಿದ ಮೇಲೂ ಸಮಾಧಾನ ಆಗದಿದ್ದರೆ ಆಗ ಖರೀದಿಯ ಯೋಚನೆ. ಆಂಪಿನ ಸ್ಪೀಕರ್ ಬದಲಾದರೆ ಆಗುವ ವ್ಯತ್ಯಾಸ ಇದಕ್ಕಿಂತ ದೊಡ್ಡದು, ಅದೂ ನೆನಪಿರಲಿ.

ಪಾಟ್‌ಗಳನ್ನೂ (ವಾಲ್ಯೂಮ್, ಟೋನ್ ನಾಬ್‌ಗಳ ಕೆಳಗಿರುವ, ತಿರುಗಿಸಿದಂತೆ ಬದಲಾಗುವ ರೆಸಿಸ್ಟರ್) ನೋಡಿ. ಹಂಬಕರ್‌ಗೆ ಸಾಮಾನ್ಯವಾಗಿ 500 ಕಿಲೋ-ಓಮ್, ಸಿಂಗಲ್ ಕಾಯಿಲ್‌ಗೆ 250. ಹಂಬಕರ್‌ಗೆ 250 ಹಾಕಿದರೆ ಮೇಲಿನ ಹೊಳಪು ಕುಗ್ಗುತ್ತದೆ. ತೀರಾ ಚುಚ್ಚುವ ಗಿಟಾರಿಗೆ ಇದೇ ಮದ್ದೂ ಆಗಬಹುದು.

ಸ್ಟ್ರಿಂಗ್ ತುಂಬ ಇಳಿಸಿ ಟ್ಯೂನ್ ಮಾಡಿ, ಪೂರ್ತಿ ಡಿಸ್ಟಾರ್ಷನ್‌ನಲ್ಲಿ ಮೆಟಲ್ ನುಡಿಸುವವರಿಗೆ '59 ನಾನು ಹೇಳುವುದಿಲ್ಲ. ಅವರಿಗೆ ಬೇಕಾದ ಬಿಗಿ ಸೆರಾಮಿಕ್ ಮ್ಯಾಗ್ನೆಟ್ಟಿನ ಪಿಕಪ್‌ಗಳಲ್ಲಿದೆ. 1970ರ ದಶಕದಿಂದ ಮಾರಾಟದಲ್ಲಿರುವ ಡಿಮಾರ್ಜಿಯೋ ಸೂಪರ್ ಡಿಸ್ಟಾರ್ಷನ್ ಅಂಥದ್ದು. ಬ್ಲೂಸ್, ಹಳೇ ರಾಕ್, ಸ್ವಲ್ಪ ಜಾಝ್ ಎಲ್ಲಾ ಬೆರೆಸಿ ನುಡಿಸುವವರಾದರೆ ಧೈರ್ಯವಾಗಿ ತೆಗೆದುಕೊಳ್ಳಿ.

ನಾಲ್ಕು ತಂತಿ ಹೊರಬರುವ ಮಾದರಿಯನ್ನೇ ಕೇಳಿ ಪಡೆಯಿರಿ, ಆಗ ಬೇಕಾದಾಗ ಒಂದೇ ಕಾಯಿಲ್ ಬಳಸುವ ಹಾಗೆ ಸ್ವಿಚ್ ಹಾಕಬಹುದು. ಸೋಲ್ಡರ್ ಮಾಡುವಾಗ ಮಾತ್ರ ಬಣ್ಣ ನೋಡಿಕೊಳ್ಳಿ. ಡಂಕನ್‌ನಲ್ಲಿ ಸಿಗ್ನಲ್ ತಂತಿ ಕಪ್ಪು, ಡಿಮಾರ್ಜಿಯೋದಲ್ಲಿ ಕೆಂಪು. ಎರಡು ಕಂಪನಿಯ ಪಿಕಪ್ ಬೆರೆಸಿದರೆ, ಎರಡನ್ನೂ ಒಟ್ಟಿಗೆ ಆನ್ ಮಾಡಿ ಕೇಳಿ. ದನಿ ತೆಳ್ಳಗೆ, ಮೂಗಿನಲ್ಲಿ ಹಾಡಿದಂತೆ ಬಂದರೆ ಫೇಸ್ ಉಲ್ಟಾ ಆಗಿದೆ, ಅಂದರೆ ಎರಡರ ಸಿಗ್ನಲ್ ಒಂದನ್ನೊಂದು ಕಡಿಯುತ್ತಿವೆ ಎಂದರ್ಥ. ಒಂದು ಪಿಕಪ್ಪಿನ ಸಿಗ್ನಲ್ ಮತ್ತು ಗ್ರೌಂಡ್ ತಂತಿಗಳನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಹೊರಗಿನ ಬರಿ ಶೀಲ್ಡ್ ತಂತಿ ಗ್ರೌಂಡ್‌ನಲ್ಲೇ ಇರಲಿ.